ಸೌದೆ ಕೊಟ್ಟಿಗೆಯ ಗ್ರೈಂಡಿಂಗ್ ಮೂಲೆ: ಧೂಳು ಹಿಡಿಯುವ ಕೆಲಸ ಎಲ್ಲಿಗೆ ಬಂತು

ಮೇ ಕೊನೆಯ ವಾರ

ಲಾರಿಯ ಹಳೆಯ ಸ್ಪ್ರಿಂಗ್ ಪಾಟಾಗಳಿಂದ ಕತ್ತಿ, ಮೆಟ್ಟುಗತ್ತಿಗಳನ್ನು ಮಾಡುವ ನನ್ನ ಹವ್ಯಾಸಕ್ಕೆ ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಸೌದೆ ಕೊಟ್ಟಿಗೆಯೇ ಜಾಗ. ಬೇಸಿಗೆಯಲ್ಲಿ ಅಂಗಳದಲ್ಲೇ ಗ್ರೈಂಡರ್ ಹಿಡಿಯಬಹುದು. ಆದರೆ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಜೂನ್ ಬಂತೆಂದರೆ ಬಾಗಿಲು ಎಳೆದುಕೊಂಡು ಒಳಗೇ ಕೆಲಸ ಮಾಡಬೇಕಾಗುತ್ತದೆ, ಆಗ ಎದ್ದ ಧೂಳಿಗೂ ಉಸಿರಿಗೂ ಇರುವುದು ಅದೇ ಗಾಳಿ. ಆದ್ದರಿಂದ ಈ ಮಳೆಗಾಲದಲ್ಲಿ ಮುಂದಿನ ಕತ್ತಿಗೆ ಕೈಹಾಕುವ ಮೊದಲು ಬೆಲ್ಟ್ ಗ್ರೈಂಡರಿನ (ಸುತ್ತುವ ಉಜ್ಜುಪಟ್ಟಿಯ ಯಂತ್ರದ) ಸುತ್ತ ಧೂಳು ಹಿಡಿಯುವ ವ್ಯವಸ್ಥೆಯನ್ನು ಮುಗಿಸುವುದೆಂದು ತೀರ್ಮಾನಿಸಿದ್ದೇನೆ.

ಗ್ರೈಂಡಿಂಗ್ ಮಾಡುವವರ ಗಮನವೆಲ್ಲ ಕಿಡಿಯ ಮೇಲಿರುತ್ತದೆ. ಕಿಡಿ ಎಂದರೆ ಉರಿಯುತ್ತಿರುವ ಉಕ್ಕಿನ ದೊಡ್ಡ ಕಣ. ಅದು ಬಟ್ಟೆಯನ್ನು ಸುಟ್ಟೀತು, ಕಣ್ಣಿಗೆ ಬಿದ್ದೀತು, ಆದರೆ ಶ್ವಾಸಕೋಶದ ತಳಕ್ಕೆ ಇಳಿಯುವಷ್ಟು ಸಣ್ಣದಲ್ಲ. ದೊಡ್ಡ ಕಣಗಳನ್ನು ಮೂಗು, ಗಂಟಲುಗಳೇ ತಡೆಯುತ್ತವೆ. ಶ್ವಾಸನಾಳಕ್ಕೆ ಇಳಿದವನ್ನು ಅಲ್ಲಿರುವ ಸೂಕ್ಷ್ಮ ರೋಮಗಳು ಕಫದೊಡನೆ ಮೇಲಕ್ಕೆ ತಳ್ಳುತ್ತವೆ. ಸುಮಾರು 4 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಕಣಗಳು ಮಾತ್ರ ಗಾಳಿಗೂಡುಗಳವರೆಗೆ ಹೋಗುತ್ತವೆ, ಅಲ್ಲಿ ಹೊರತಳ್ಳುವ ರೋಮಗಳಿಲ್ಲ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಕಣ ಕಣ್ಣಿಗೆ ಕಾಣಲು ಸಾಧ್ಯವೇ ಇಲ್ಲ ಎಂಬುದು ಅರ್ಥವಾಗುತ್ತದೆ.

ಇದರ ಜೊತೆಗೆ ಒಂದು ಲೆಕ್ಕವನ್ನೂ ಮಾಡಿ ನೋಡಿದೆ. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನಿನ ಕಬ್ಬಿಣದ ಕಣ ಎದೆಯೆತ್ತರದಿಂದ, ಅಂದರೆ ಒಂದೂವರೆ ಮೀಟರಿನಿಂದ, ನೆಲ ಸೇರಲು ಸುಮಾರು ಒಂದು ನಿಮಿಷ ಸಾಕು. 1 ಮೈಕ್ರಾನಿನ ಕಣಕ್ಕೆ ಒಂದೂಮುಕ್ಕಾಲು ಗಂಟೆ ಬೇಕು. ಮೋಟಾರ್ ನಿಂತ ಕೂಡಲೇ ಮಾಸ್ಕ್ ಕೆಳಗಿಳಿಸಿ, ಅಲ್ಲೇ ಕುಳಿತು ಅಲಗನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ನಮ್ಮಂಥ ಹವ್ಯಾಸಿಗಳಲ್ಲಿ ಬಹಳ ಜನರಿಗಿದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆ ಅದೇ.

ಜೂನ್

ಧೂಳು ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿಯಲು ಮಲೆನಾಡಿನ ತೇವವನ್ನೇ ಬಳಸಿಕೊಂಡೆ. ಗ್ರೈಂಡರಿನ ಬುಡದಿಂದ ಬಾಗಿಲಿನವರೆಗೆ, ಸೌದೆ ರಾಶಿಯ ಮೇಲೆ, ಮೇಲಿನ ಅಟ್ಟದಲ್ಲಿ ಬಿಳಿ ಹಾಳೆಗಳನ್ನು ಹರಡಿ, ಕೆಲಸ ಮುಗಿದು ಧೂಳು ಕೂತ ಮೇಲೆ ಅವುಗಳ ಮೇಲೆ ತೆಳುವಾಗಿ ಉಪ್ಪುನೀರು ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕಬ್ಬಿಣದ ಪುಡಿ ಬಿದ್ದಲ್ಲೆಲ್ಲ ಕಂದು ಚುಕ್ಕೆಗಳಿದ್ದವು. ಗ್ರೈಂಡರಿನ ಮುಂದಿನ ಹಾಳೆ ಪೂರ್ತಿ ಕೆಂಪಾಗಿತ್ತು, ಅದು ನಿರೀಕ್ಷಿತ. ಅಟ್ಟದ ಮೇಲಿನ ಹಾಳೆಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಒತ್ತೊತ್ತಾಗಿ ಮೂಡಿದ್ದವು. ನಾನು ನಿಂತು ಉಸಿರಾಡುವ ಎತ್ತರಕ್ಕಿಂತ ಅಟ್ಟ ಮೇಲಿದೆ. ಕಾಣುವ ಕಣಗಳೇ ಅಷ್ಟು ಎತ್ತರಕ್ಕೆ ಏರಿದ್ದರೆ ಕಾಣದವು ಕೊಟ್ಟಿಗೆಯ ಯಾವ ಮೂಲೆಯನ್ನೂ ಬಿಟ್ಟಿರಲಾರವು.

ಮೊದಲ ಕೆಲಸವಾಗಿ ಬೆಲ್ಟಿನ ಕೆಳಗೆ, ಕಿಡಿಗಳು ನೇರವಾಗಿ ಬಂದು ಬೀಳುವಲ್ಲಿ, ನೀರು ತುಂಬಿದ ತಗಡಿನ ತೊಟ್ಟಿಯನ್ನಿಟ್ಟೆ. ಹಿಂದೆ ದರಕು (ಒಣ ಎಲೆ), ಪಕ್ಕದಲ್ಲಿ ಒಣಹುಲ್ಲು ಇರುವ ಕೊಟ್ಟಿಗೆಯಲ್ಲಿ ಬೆಂಕಿಯ ಭಯಕ್ಕೂ ಅದೇ ಉತ್ತರ. ನೀರು ಮತ್ತು ಕರೆಂಟು ಒಂದೇ ಕಡೆ ಸೇರುವುದರಿಂದ ಗ್ರೈಂಡರಿನ ಲೈನಿಗೆ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಇಎಲ್‌ಸಿಬಿಯನ್ನೂ ಹಾಕಿಸಿದೆ.

ಊರಿನ ಆಚಾರ್ರ ಕುಲುಮೆಯಲ್ಲಿ ಸಾಣೆಕಲ್ಲಿನ ಮೇಲೆ ಸದಾ ನೀರು ತೊಟ್ಟಿಕ್ಕುತ್ತಿರುತ್ತದೆ. "ಕಲ್ಲು ಒಣಗ್ಲಿಕ್ಕೆ ಬಿಡಬಾರ್ದು ಮಾರಾಯ್ರೆ, ಒಣಗಿದ್ರೆ ಎಲ್ಲ ಮೂಗಿಗೇ ಬರ್ತದೆ" ಎಂದರು ಅವರು. ಆ ಮಾತಿನ ಹಿಂದೆ ಗಟ್ಟಿ ಕಾರಣವಿದೆ. ಮರಳುಗಲ್ಲಿನ ಸಾಣೆಯಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಊಟದ ಫೋರ್ಕುಗಳನ್ನು ಒಣಗಲ್ಲಿನ ಮೇಲೆ ಉಜ್ಜುತ್ತಿದ್ದ ಕಾರ್ಮಿಕರು ಆ ಧೂಳಿನಿಂದಲೇ ಚಿಕ್ಕ ವಯಸ್ಸಿನಲ್ಲಿ ಸಾಯುತ್ತಿದ್ದರು. ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸನ್ನು ನಮ್ಮ 1948ರ ಫ್ಯಾಕ್ಟರಿ ಕಾಯ್ದೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿಟ್ಟಿತ್ತು, ಆದರೆ ಮನೆಯ ಕೊಟ್ಟಿಗೆಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಇಂದಿನ ಡಿಸ್ಕು, ಬೆಲ್ಟುಗಳಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಜಿರ್ಕೋನಿಯಾ ಇರುವುದರಿಂದ ಆ ಅಪಾಯ ಬಹಳ ತಗ್ಗಿದೆ. ಹಾಗೆಂದು ಅವುಗಳ ಪುಡಿ, ಅಂಟಿಸಿದ ರಾಳದ ಪುಡಿ, ಉಕ್ಕಿನ ಪುಡಿ ಇವೆಲ್ಲ ಉಸಿರಿಗೆ ಒಗ್ಗುವ ವಸ್ತುಗಳೇನೂ ಅಲ್ಲ.

ಜುಲೈ

ಜಡಿಮಳೆಯ ನಡುವೆ ಎಕ್ಸಾಸ್ಟ್ ಕೂರಿಸುವ ಕೆಲಸ ಮುಗಿಯಿತು. ಇದರಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ದೂರ. ಎಳೆಯುವ ಪೈಪಿನ ಬಾಯಿಂದ ಅದರ ಅಗಲದಷ್ಟೇ ದೂರ ಹೋದರೂ ಎಳೆತದ ವೇಗ ಹತ್ತರಲ್ಲೊಂದು ಪಾಲಿನಷ್ಟಕ್ಕೆ ಇಳಿದುಬಿಡುತ್ತದೆ. ಹಾಗಾಗಿ ಗೋಡೆಯ ಮೇಲೆ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಅದು ಕೊಟ್ಟಿಗೆಯ ಗಾಳಿಯನ್ನು ಬದಲಿಸೀತೇ ಹೊರತು ಬೆಲ್ಟಿನಿಂದ ಏಳುವ ಧೂಳನ್ನು ಅಲ್ಲೇ ಹಿಡಿಯಲಾರದು. ನಾನು ಆರಿಂಚಿನ ತಗಡಿನ ಪೈಪಿನ ಬಾಯನ್ನು ತೊಟ್ಟಿಯ ಹಿಂದೆ, ಬೆಲ್ಟಿಗೆ ನಾಲ್ಕು ಇಂಚಿನಷ್ಟು ಹತ್ತಿರ ತಂದಿದ್ದೇನೆ. ಕಿಡಿಗಳು ನೀರಿಗೆ ಬಡಿದು ಆರಿದ ಮೇಲಷ್ಟೇ ಗಾಳಿ ಪೈಪಿನೊಳಗೆ ತಿರುಗುತ್ತದೆ. ಪಿವಿಸಿ ಪೈಪ್ ಅಗ್ಗವಾಗಿ ಸಿಕ್ಕರೂ ಕಿಡಿಯ ಭಯಕ್ಕೆ ಬಳಸಲಿಲ್ಲ. ಮರಗೆಲಸಕ್ಕೆ ಬಳಸುವ ವ್ಯಾಕ್ಯೂಮನ್ನು ಗ್ರೈಂಡರಿಗೆ ಜೋಡಿಸಬಾರದು, ಅದರ ಚೀಲದಲ್ಲಿರುವ ಮರದ ಹೊಟ್ಟಿಗೆ ಒಂದು ಕಿಡಿ ಸಾಕು.

ನಿಲ್ಲುವ ದಿಕ್ಕನ್ನೂ ಬದಲಿಸಿದೆ. ಬೆನ್ನಿಗೆ ಗಾಳಿ ಬರುವಂತೆ ನಿಂತರೆ ಧೂಳು ಮುಂದಕ್ಕೆ ಹೋಗುತ್ತದೆ ಎಂದು ಅನಿಸುತ್ತದೆ, ಆದರೆ ನಮ್ಮ ಮೈಯೇ ಗಾಳಿಗೆ ಅಡ್ಡವಾಗಿ ಎದೆಯ ಮುಂದೆ ಸುಳಿ ಹುಟ್ಟಿ ಧೂಳನ್ನು ಮುಖಕ್ಕೇ ಎತ್ತುತ್ತದೆ. ಗಾಳಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹಾಯುವಂತೆ ನಿಂತರೆ ಈ ತೊಂದರೆಯಿಲ್ಲ. ಈ ಪೈಪಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ ಅಟ್ಟದಲ್ಲಿಟ್ಟ ಹಾಳೆಯಲ್ಲಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಎನ್ನುವಷ್ಟಕ್ಕೆ ಇಳಿದಿವೆ. ಇದು ನನಗೆ ನಿಜವಾಗಿಯೂ ಸಂತೋಷ ಕೊಟ್ಟ ಫಲಿತಾಂಶ.

ಆಗಸ್ಟ್

ಮಾಸ್ಕನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ, ಏಕೆಂದರೆ ಹಿಂದಿನ ಎರಡು ವ್ಯವಸ್ಥೆಗಳಿಂದ ತಪ್ಪಿಸಿಕೊಂಡದ್ದನ್ನು ತಡೆಯುವುದಷ್ಟೇ ಅದರ ಪಾಲಿನ ಕೆಲಸವಾಗಬೇಕು. ಮುಖಕ್ಕೆ ಸುತ್ತಿದ ಟವೆಲ್ಲೂ ಆಸ್ಪತ್ರೆಯ ನೀಲಿ ಮಾಸ್ಕೂ ಈ ಕೆಲಸಕ್ಕೆ ಬರುವುದಿಲ್ಲ. ಕೊಳ್ಳುವಾಗ ಐಎಸ್ 9473 ಎಂಬ ಗುರುತನ್ನೂ ಎಫ್‌ಎಫ್‌ಪಿ2 ಎಂಬ ದರ್ಜೆಯನ್ನೂ ನೋಡಬೇಕು. ಆ ದರ್ಜೆಯ ಫಿಲ್ಟರ್ ಕನಿಷ್ಠ ಶೇ. 94ರಷ್ಟು ಕಣಗಳನ್ನು ತಡೆಯುತ್ತದೆ. ವಾಲ್ವ್ ಇರುವ ಮಾಸ್ಕ್ ಬೇಡವೆಂದು ಕೋವಿಡ್ ಕಾಲದಲ್ಲಿ ಹೇಳಿದ್ದು ತೊಟ್ಟವರ ಉಸಿರು ಇತರರಿಗೆ ತಾಗಬಾರದೆಂಬ ಕಾರಣಕ್ಕೆ. ಧೂಳಿನ ಕೆಲಸಕ್ಕೆ, ಅದರಲ್ಲೂ ನಮ್ಮ ಮಳೆಗಾಲದ ತೇವಕ್ಕೆ, ಒಳಗೆ ಬೆವರು ನಿಲ್ಲದ ವಾಲ್ವಿನ ಮಾಸ್ಕೇ ಮೇಲು. ನಾನು ಈಗ ಬಳಸುತ್ತಿರುವುದು ಫಿಲ್ಟರ್ ಬದಲಿಸಬಹುದಾದ ರಬ್ಬರಿನ ಅರ್ಧಮುಖದ ರೆಸ್ಪಿರೇಟರ್; ಅದರ ಪಿ100 ಫಿಲ್ಟರುಗಳ ತಡೆ ಶೇ. 99.97. ಮೇಲೆ ಪಾರದರ್ಶಕ ಫೇಸ್ ಶೀಲ್ಡ್ ಇರುವುದರಿಂದ ಕಿಡಿ ಫಿಲ್ಟರಿಗೆ ತಾಗುವುದಿಲ್ಲ.

ಈ ಅಂಕಿಗಳೆಲ್ಲ ಅಂಚು ಮುಖಕ್ಕೆ ಕಚ್ಚಿ ಕೂತಾಗ ಮಾತ್ರ ನಿಜ. ಗಡ್ಡವಿದ್ದರೆ ಕೂರುವುದಿಲ್ಲ, ಆದ್ದರಿಂದ ನಾನು ಕೆಲಸದ ದಿನ ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತೇನೆ. ಫಿಲ್ಟರುಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆದಾಗ ರಬ್ಬರ್ ಮುಖಕ್ಕೆ ಒತ್ತಿಕೊಂಡು ಹಾಗೇ ನಿಲ್ಲಬೇಕು. ಕನ್ನಡಕ ಮಂಜಾದರೆ ಮೂಗಿನ ಬಳಿ ಸೋರುತ್ತಿದೆ ಎಂದರ್ಥ.

ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ, ಹಾಲು ಕುಡಿದರೆ ಧೂಳು ಇಳಿದುಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ತಿನ್ನುವುದಕ್ಕೆ ಅಡ್ಡಿಯಿಲ್ಲ, ಆದರೆ ಅದನ್ನು ನಂಬಿ ಮಾಸ್ಕ್ ಬಿಡುವುದು ತಪ್ಪು.

ಯಾವ ಲೋಹ ಎಂಬುದೂ ಮುಖ್ಯ. ಪಾಟಾದ ಉಕ್ಕಿಗೆ ಈ ವ್ಯವಸ್ಥೆ ಸಾಕು. ಕೊಟ್ಟಿಗೆಯ ಮಾಡಿಗೆ ಬಳಸುವ ಜಿಂಕ್ ಶೀಟನ್ನು ಗ್ರೈಂಡರಿನಿಂದ ಕತ್ತರಿಸಿದರೆ ಸತುವಿನ ಹೊಗೆ ಎದ್ದು, ಕೆಲವು ಗಂಟೆಗಳ ನಂತರ ಫ್ಲೂ ಬಂದಂತೆ ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳಬಹುದು. ಅದನ್ನು ತಗಡಿನ ಕತ್ತರಿಯಿಂದಲೇ ಕತ್ತರಿಸುತ್ತೇನೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ, ಹಲವು ಬಗೆಗಳಲ್ಲಿ ನಿಕೆಲ್ ಕೂಡ ಇರುವುದರಿಂದ ಅದರ ಧೂಳು ಉಸಿರಿಗೆ ಇನ್ನೂ ಕೆಟ್ಟದ್ದು. ಹಳೆಯ ಗೇಟು, ಕಿಟಕಿ ಸರಳುಗಳ ಬಣ್ಣದಲ್ಲಿ ಸೀಸ ಇರಬಹುದು, ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷದಲ್ಲಿ 90 ಪಾಲಿಗೆ) ಮಿತಿಗೊಳಿಸುವ ನಿಯಮ ಬಂದದ್ದು 2016ರಲ್ಲಷ್ಟೇ. ಮಕ್ಕಳಿರುವ ಮನೆಯಲ್ಲಿ ಅಂಥ ಬಣ್ಣವನ್ನು ಒಣದಾಗಿ ಉಜ್ಜಲೇಬಾರದು.

ಈಗಿನ ಕ್ರಮ ಹೀಗಿದೆ: ಮೋಟಾರ್ ನಿಂತ ಮೇಲೂ ಫ್ಯಾನ್ ಓಡುತ್ತಿರುತ್ತದೆ, ಮಾಸ್ಕ್ ಮುಖದ ಮೇಲೇ ಇರುತ್ತದೆ, ಕಸಬರಿಗೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತೊಟ್ಟಿಯಲ್ಲಿ ಆಡಿಸಿದರೆ ಕರಿಯ ಕೆಸರು ಮುಳ್ಳುಮುಳ್ಳಾಗಿ ಅಂಟಿಕೊಂಡು ಬರುತ್ತದೆ, ಚೀಲವನ್ನು ತಿರುವಿ ಎಳೆದರೆ ಅಷ್ಟೂ ಡಬ್ಬಿಗೆ ಬೀಳುತ್ತದೆ. ಅಂಗಿಯನ್ನು ಕೊಟ್ಟಿಗೆಯಲ್ಲೇ ಕಳಚಿ ಬಕೆಟ್ಟಿನಲ್ಲಿ ನೆನೆಹಾಕಿ, ಮುಖ ತೊಳೆದು ಒಳಗೆ ಹೋಗುತ್ತೇನೆ.

ಮುಂದಿನ ಹಂತದಲ್ಲಿ ಅಲ್ಯೂಮಿನಿಯಂ ಹಿಡಿಯೊಂದನ್ನು ಉಜ್ಜುವ ಕೆಲಸವಿದೆ. ಕಬ್ಬಿಣದ ತುಕ್ಕಿನೊಡನೆ ಬೆರೆತ ಅಲ್ಯೂಮಿನಿಯಂ ಪುಡಿ ಕಿಡಿ ತಾಗಿದರೆ ಭಾರೀ ಶಾಖದಿಂದ ಉರಿಯಬಲ್ಲದು, ನೀರಿನಲ್ಲಿ ನಿಂತರೆ ಹೈಡ್ರೋಜನ್ ಬಿಡುತ್ತದೆ. ಅದಕ್ಕೆ ಬೇರೆ ಬೆಲ್ಟು, ಬೇರೆ ತೊಟ್ಟಿ, ಬಿಗಿಯಾಗಿ ಮುಚ್ಚದ ಡಬ್ಬಿ ಸಿದ್ಧವಾಗುವವರೆಗೆ ಆ ಹಿಡಿಯನ್ನು ಅರದಲ್ಲಿ ಕೈಯಿಂದಲೇ ಉಜ್ಜುತ್ತಿದ್ದೇನೆ.