ಬಂಗಾರ ಬಿಟ್ಟು ಕಂಚು ಯಾಕೆ?

ನನ್ನ ರೋಮನ್ ನಾಣ್ಯಗಳನ್ನು ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ: "ಕೂಡಿಡೋದೇ ಆದ್ರೆ ಬೆಳ್ಳಿ, ಬಂಗಾರ ಕೂಡಿಡಬಾರದಾ? ಈ ಸವೆದ ಕಂಚು ಯಾಕೆ?"

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಬಂಗಾರದ್ದು ನನ್ನ ಕೈಗೆಟುಕುವುದಿಲ್ಲ. ಎಟುಕಿದ್ದರೂ ನಾನು ಕಂಚಿನ ಹಿಂದೆಯೇ ಹೋಗುತ್ತಿದ್ದೆ. ಸಂತೆಯಲ್ಲಿ ದಿನಾ ಕೈಯಿಂದ ಕೈಗೆ ಓಡಾಡಿದ್ದು ಇದೇ. ಅರಸರು ಊರಿಗೆಲ್ಲ ಸುದ್ದಿ ಮುಟ್ಟಿಸಬೇಕಾದರೆ ಇದರ ಮೇಲೆ ಅಚ್ಚು ಹಾಕಿಸಿದರೆ ಆಯ್ತು.

ಸೆಸ್ಟರ್ಷಿಯಸ್ ಎಂಬ ದೊಡ್ಡ ನಾಣ್ಯವನ್ನೇ ನೋಡಿ. (ಅಸಲಿಗೆ ಅದು ಹಿತ್ತಾಳೆ. ನಮ್ಮ ಹವ್ಯಾಸದವರು ಎಲ್ಲವನ್ನೂ ಕಂಚು ಅಂತಲೇ ಕರೆಯುತ್ತೇವೆ.) ಅಗಲ ಜಾಸ್ತಿ, ಚಿತ್ರಕ್ಕೆ ಜಾಗವೂ ಜಾಸ್ತಿ. ಕ್ರಿ.ಶ. 65ರ ಸುಮಾರಿಗೆ ರೋಮಿನ ಚಕ್ರವರ್ತಿ ನೀರೋ ಇದರ ಮೇಲೆ ಜೇನಸ್ ದೇವರ ಗುಡಿಯನ್ನು ಹಾಕಿಸಿದ, ಬಾಗಿಲು ಮುಚ್ಚಿರುವಂತೆ. ಯುದ್ಧ ನಡೆಯುವಾಗ ಆ ಬಾಗಿಲು ತೆರೆದಿರಬೇಕು. ಮುಚ್ಚಿದೆ ಎಂದರೆ ನೆಲದಲ್ಲೂ ನೀರಲ್ಲೂ ಶಾಂತಿ ಎಂದು ಸಾರಿದ ಹಾಗೆ. 66ರಲ್ಲೇ ರೋಮಿನ ಕೈಕೆಳಗಿದ್ದ ಯಹೂದಿಗಳ ನಾಡು ಜುಡೇಯದಲ್ಲಿ ದಂಗೆ ಎದ್ದಿತು! 71ರಲ್ಲಿ ಆಗಿನ ಚಕ್ರವರ್ತಿ ವೆಸ್ಪಾಸಿಯನ್ ಹೊರಡಿಸಿದ ನಾಣ್ಯದಲ್ಲಿ ಒಂದು ಖರ್ಜೂರದ ಮರ, ಅದರ ಬುಡದಲ್ಲಿ ಅಳುತ್ತ ಕೂತ ಹೆಂಗಸು. ಜುಡೇಯ ಸೋತಿತು ಎಂಬ ಸುದ್ದಿ ಅದು. ಗೆದ್ದವರೇ ಬರೆದದ್ದು, ಬಿಡಿ.

ಇವು ನನ್ನ ಹತ್ತಿರ ಇಲ್ಲ, ದುಬಾರಿ. ನನ್ನಲ್ಲಿರುವುದು ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಚಿಕ್ಕವು. 330ರಲ್ಲಿ ಶುರುವಾದ "ಸೈನ್ಯದ ಕೀರ್ತಿ" ನಾಣ್ಯದಲ್ಲಿ ಇಬ್ಬರು ಸೈನಿಕರು, ನಡುವೆ ಎರಡು ಧ್ವಜ. 335ರ ಆಸುಪಾಸು ನಾಣ್ಯದ ತೂಕ ಇಳಿಸಿದರು, 2.5 ಗ್ರಾಂ ಇದ್ದದ್ದು ಹೆಚ್ಚುಕಡಿಮೆ 1.5ಕ್ಕೆ ಬಂತು. ಜಾಗ ಸಾಲದೆ ಧ್ವಜವೂ ಒಂದಾಯಿತು. ಕೀರ್ತಿ ಎಂಬ ಬರಹ ಮಾತ್ರ ಹಾಗೇ ಇದೆ! ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ಖಜಾನೆಯ ಕಥೆ ಗೊತ್ತಾಗುತ್ತದೆ. ಬೆರಳುಗುರಿನಷ್ಟು ಲೋಹದಲ್ಲಿ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಚಂದ್ರವಳ್ಳಿ, ಯಶವಂತಪುರದಲ್ಲಿ ಸಿಕ್ಕಿದ್ದು ರೋಮಿನ ಬೆಳ್ಳಿ. ಚಿಕ್ಕ ಕಂಚು ಜಾಸ್ತಿ ಸಿಕ್ಕಿರುವುದು ಕರೂರು, ಮಧುರೈ ಕಡೆ, ಮತ್ತೆ ಶ್ರೀಲಂಕಾದಲ್ಲಿ.

"ಕಂಚು ಯಾಕೆ?" ಎಂಬುದರ ಬೆನ್ನಿಗೇ ಬರುವ ಪ್ರಶ್ನೆ: "ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಫಳಫಳ ಹೊಳೆಯುತ್ತಲ್ವಾ?" ದಯವಿಟ್ಟು ಬೇಡ. ಎಷ್ಟೋ ಸಲ ಅಕ್ಷರ, ಮುಖ ಎಲ್ಲ ಉಳಿದಿರುವುದು ಹಳೇ ಕಂಚಿನ ಮೇಲೆ ಕಟ್ಟಿಕೊಂಡ ಹಸಿರು ಪದರದಲ್ಲೇ. ಡಿಸ್ಟಿಲ್ಡ್ ನೀರಲ್ಲಿ ನೆನೆಹಾಕಿ, ಮೆತ್ತನೆ ಬ್ರಷ್‌ನಿಂದ ಮಣ್ಣು ಬಿಡಿಸಿ, ಅಷ್ಟೇ.