ಮುಂದೆ ಜಾರ್ಜ್ ದೊರೆ, ಹಿತ್ತಿಲಲ್ಲಿ ಹಳೇ ಮನೆ

ಮೇ ತಿಂಗಳಲ್ಲಿ ಸೋಮವಾರವೂ ರಜೆ ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮ್‌ನಿಂದ ಕಾರು ಹತ್ತಿ ಶ್ರಾಪ್‌ಶೈರ್ ಕಡೆ ಹೊರಟೆವು. ಲಡ್ಲೋ ಪಟ್ಟಣ ದಾಟಿ ಸ್ವಲ್ಪ ದೂರ ಹೋದರೆ ಕುರಿ ಮೇಯುವ ಗುಡ್ಡಗಳ ನಡುವೆ ಒಂದು ಹಳೇ ಫಾರ್ಮ್‌ಹೌಸ್. ಈಗಲೂ ಬೇಸಾಯ ಮಾಡುವವರದ್ದೇ ಮನೆ, ಎರಡು ಕೋಣೆ ಮಾತ್ರ ನಮ್ಮಂಥವರಿಗೆ ಬಾಡಿಗೆಗೆ ಕೊಡುತ್ತಾರೆ. ಎರಡು ರಾತ್ರಿ ಇದ್ದೆವು. ಬೆಟ್ಟ ಹತ್ತಬೇಕು, ಕೋಟೆ ನೋಡಬೇಕು ಅಂತೆಲ್ಲ ಪಟ್ಟಿ ಮಾಡಿಕೊಂಡು ಹೋದವನು ನಾನು, ಕೊನೆಗೆ ಮನೆ ಸುತ್ತ ಸುತ್ತಿದ್ದೇ ಜಾಸ್ತಿ.

ಎದುರಿನಿಂದ ನೋಡಿದರೆ ಮಕ್ಕಳು ಬರೆಯುವ ಮನೆಯ ಚಿತ್ರದ ಹಾಗೇ ಇದೆ. ಕೆಂಪು ಇಟ್ಟಿಗೆ, ಸರಿಯಾಗಿ ನಡುವೆ ಬಾಗಿಲು, ಬಾಗಿಲ ಮೇಲೆ ಬೀಸಣಿಗೆ ಬಿಚ್ಚಿಟ್ಟ ಹಾಗೆ ಒಂದು ಗಾಜು. ಆಚೆ ಎರಡು ಕಿಟಕಿ, ಈಚೆ ಎರಡು, ಮೇಲೆ ಐದು. ಅದರ ಮೇಲಿನ ಅಂತಸ್ತಿನಲ್ಲೂ ಐದು, ಆದರೆ ಗಿಡ್ಡ. ಫೋಟೊ ತೆಗೆದು ಮಧ್ಯಕ್ಕೆ ಮಡಚಿದರೆ ಎರಡೂ ಅರ್ಧ ಒಂದರ ಮೇಲೊಂದು ಕೂರುತ್ತವೆ.

ಜಾರ್ಜಿಯನ್ ಮನೆ ಅಂದರೆ ಇದು. (ಜಾರ್ಜಿಯಾ ದೇಶಕ್ಕೂ ಇದಕ್ಕೂ ಸಂಬಂಧ ಇಲ್ಲ, ನನ್ನ ಹೆಂಡತಿ ಮೊದಲು ಕೇಳಿದ್ದೇ ಅದು.) 1714ರಿಂದ 1830ರವರೆಗೆ ಇಂಗ್ಲೆಂಡಿನಲ್ಲಿ ಒಬ್ಬರಾದ ಮೇಲೊಬ್ಬರಂತೆ ನಾಲ್ಕು ಜನ ಜಾರ್ಜ್ ದೊರೆಗಳು ಆಳಿದರು. ಆ ಕಾಲದ ಕಟ್ಟಡಗಳಿಗೆ ಆ ಹೆಸರು. ಅಳತೆಯೆಲ್ಲ ಇಟಲಿಯಿಂದ ಬಂದದ್ದು, 16ನೇ ಶತಮಾನದ ಪಲ್ಲಾಡಿಯೋ ಎಂಬ ವಾಸ್ತುಶಿಲ್ಪಿಯ ಲೆಕ್ಕ. ಲಾರ್ಡುಗಳು ಅದನ್ನು ನೋಡಿ ಅರಮನೆ ಕಟ್ಟಿದರು. ಹಳ್ಳಿಯ ರೈತರು ಯಾವ ವಾಸ್ತುಶಿಲ್ಪಿಯನ್ನೂ ಕರೆಸಲಿಲ್ಲ. ಮಾದರಿ ಚಿತ್ರಗಳ ಪುಸ್ತಕಗಳು ಆಗ ಬಹಳ ಓಡಾಡುತ್ತಿದ್ದವು, ಅವನ್ನು ಮುಂದಿಟ್ಟುಕೊಂಡು ಊರಿನ ಗಾರೆಯವರು, ಬಡಗಿಗಳೇ ಕಟ್ಟಿ ಮುಗಿಸಿದರು. 1747ರಲ್ಲಿ ಡೇನಿಯಲ್ ಗ್ಯಾರೆಟ್ ಎಂಬಾತ ಬರೀ ಫಾರ್ಮ್‌ಹೌಸ್‌ಗಳ ನಕ್ಷೆ, ಖರ್ಚಿನ ಅಂದಾಜು ಸೇರಿಸಿಯೇ ಒಂದು ಪುಸ್ತಕ ತಂದಿದ್ದ.

ರೈತರ ಕೈಗೆ ಅಷ್ಟು ದುಡ್ಡು ಬಂದದ್ದು ಎಲ್ಲಿಂದ? ಊರವರೆಲ್ಲ ಸೇರಿ ಬಳಸುತ್ತಿದ್ದ ಬಯಲು, ಗೋಮಾಳಗಳಿಗೆ ಆ ಕಾಲದಲ್ಲೇ ಸಂಸತ್ತಿನ ಕಾನೂನು ಮಾಡಿ ಬೇಲಿ ಹಾಕಿದರು. ಚಿಕ್ಕವರು ಜಮೀನು ಕಳೆದುಕೊಂಡರು, ದೊಡ್ಡ ರೈತರು ಇನ್ನೂ ದೊಡ್ಡವರಾದರು. ಮೇಲಿಂದ ನೆಪೋಲಿಯನ್ ಯುದ್ಧ ಬಂತು, ಗೋಧಿ ಬೆಲೆ ಆಕಾಶಕ್ಕೆ ಹೋಯಿತು. ಆಗ ಒಂದಿಷ್ಟು ಜನ ಊರೊಳಗಿನ ಮನೆ ಬಿಟ್ಟು ತಮ್ಮ ಹೊಲದ ನಡುವೆಯೇ ಇಂಥ ಮನೆ ಕಟ್ಟಿಸಿಕೊಂಡರು. ಇಷ್ಟು ಚೆಂದದ ಗೋಡೆ ನೋಡುವಾಗ ಬೇಲಿಯಾಚೆ ಹೋದವರ ನೆನಪೂ ಬರುತ್ತದೆ, ಏನು ಮಾಡೋದು.

ಈಗ ನನ್ನ ಪೆದ್ದುತನದ ಕಥೆ. ಮನೆಯ ಪಕ್ಕದ ಗೋಡೆಯಲ್ಲಿ ಮೇಲೊಂದು ಕಿಟಕಿಯ ಜಾಗಕ್ಕೆ ಇಟ್ಟಿಗೆ ತುಂಬಿತ್ತು. ನಾನು ತಕ್ಷಣ ಮಕ್ಕಳನ್ನು ಕರೆದು ಪಾಠ ಶುರು ಮಾಡಿದೆ. ನೋಡಿ, 1696ರಿಂದ 1851ರವರೆಗೆ ಈ ದೇಶದಲ್ಲಿ ಕಿಟಕಿಗೂ ತೆರಿಗೆ ಇತ್ತು, ಕಿಟಕಿ ಜಾಸ್ತಿ ಆದಷ್ಟೂ ತೆರಿಗೆ ಜಾಸ್ತಿ, ಅದಕ್ಕೇ ಜನ ಕಿಟಕಿ ಮುಚ್ಚಿಬಿಡುತ್ತಿದ್ದರು. 1784ರಲ್ಲಂತೂ ಸರ್ಕಾರ ಚಹಾದ ಮೇಲಿನ ಸುಂಕವನ್ನು ಶೇಕಡಾ 119ರಿಂದ ಹನ್ನೆರಡೂವರೆಗೆ ಇಳಿಸಿ, ಆ ನಷ್ಟ ತುಂಬಿಕೊಳ್ಳಲು ಕಿಟಕಿ ತೆರಿಗೆ ಏರಿಸಿತು. ಕತ್ತಲಲ್ಲಿ ಕೂತು ಅಗ್ಗದ ಟೀ ಕುಡೀರಿ ಅಂತ.

ಮನೆಯೊಡತಿ ಬಕೆಟ್ ಹಿಡಿದುಕೊಂಡು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ನಕ್ಕು ಒಳಗೆ ಕರೆದುಕೊಂಡು ಹೋಗಿ ಆ ಗೋಡೆಯ ಹಿಂದೆ ಏನಿದೆ ತೋರಿಸಿದರು. ಅಲ್ಲಿ ಬೆಂಕಿಗೂಡು! ಹೊಗೆ ಕೊಳವೆ ಸೀದಾ ಆ ಕಿಟಕಿಯ ಬೆನ್ನಿಗೇ ಹೋಗಿದೆ. ಅಲ್ಲಿ ಯಾವತ್ತೂ ಕಿಟಕಿ ಇರಲೇ ಇಲ್ಲ. ಖಾಲಿ ಗೋಡೆ ಬೋಳಾಗಿ ಕಾಣಬಾರದು, ಜೋಡಿ ತಪ್ಪಬಾರದು ಅಂತ ಕಟ್ಟುವಾಗಲೇ ಮಾಡಿದ ಸುಳ್ಳು ಕಿಟಕಿ ಅದು. ತೆರಿಗೆಗೆ ಹೆದರಿ ಮುಚ್ಚಿದ ಕಿಟಕಿಗಳು ಇಲ್ಲಿ ಬೇಕಾದಷ್ಟಿವೆ, ಅದು ನಿಜ. ಆದರೆ ಇಟ್ಟಿಗೆ ತುಂಬಿದ್ದೆಲ್ಲ ಅದೇ ಅಲ್ಲ. ದೊಡ್ಡ ಮಗಳು ಇನ್ನೂ ಅದನ್ನು ಹೇಳಿ ಆಡಿಕೊಳ್ಳುತ್ತಾಳೆ.

ನನ್ನ ಮಾನ ಸ್ವಲ್ಪ ಉಳಿಸಿದ್ದು ಹಾಲಿನ ಕೋಣೆ. ಉತ್ತರ ದಿಕ್ಕಿಗೆ, ಬಿಸಿಲು ಬೀಳದ ಕಡೆ, ಎರಡು ಮೆಟ್ಟಿಲು ಇಳಿದರೆ ಸಿಗುತ್ತದೆ. ನೆಲಕ್ಕೆ ಕಲ್ಲು ಹಾಸು, ಕಿಟಕಿಗೆ ಗಾಜಿಲ್ಲ, ಮರದ ಪಟ್ಟಿಗಳು ಮಾತ್ರ. ಬಾಗಿಲ ಮೇಲೆ ಮಾಸಿದ ಕಪ್ಪು ಅಕ್ಷರದಲ್ಲಿ ‘ಡೈರಿ’ ಅಂತ ಬರೆದಿದೆ. ಮನೆಯವರಿಗೆ ಹಾಲಿನ ಕೋಣೆ ಯಾವುದು ಅಂತ ಗೊತ್ತಿರಲಿಲ್ವಾ? ಬರೆದದ್ದು ತೆರಿಗೆಯವನಿಗಾಗಿ. ಹಾಲು, ಚೀಸ್ ಇಡುವ ಕೋಣೆಯ ಗಾಜಿಲ್ಲದ ಕಿಟಕಿಗೆ ಒಂದು ಹಂತದಲ್ಲಿ ವಿನಾಯಿತಿ ಕೊಟ್ಟರು, ಆದರೆ ಬಾಗಿಲ ಮೇಲೆ ಹೆಸರು ಬರೆದಿರಲೇಬೇಕಿತ್ತು. ಈ ಒಂದು ಪದ ನನಗೆ ಮುಂದಿನ ಗೋಡೆಯ ಎಲ್ಲ ಅಂದಕ್ಕಿಂತ ಇಷ್ಟವಾಯಿತು.

ಶನಿವಾರ ಮಧ್ಯಾಹ್ನ ಮನೆಯೊಡತಿ ಊಟದ ಕೋಣೆಯ ಕಿಟಕಿ ಬಿಚ್ಚಿಕೊಂಡು ಕೂತಿದ್ದರು. ಇದು ಮೇಲೆ ಕೆಳಗೆ ಜಾರುವ ಕಿಟಕಿ, ಇಲ್ಲಿ ಸ್ಯಾಶ್ ಅಂತಾರೆ. ಎಡಗಡೆ ಹಗ್ಗ ತುಂಡಾಗಿತ್ತು. ಚೌಕಟ್ಟಿನ ಬುಡದಲ್ಲಿ ಒಂದು ಗೇಣುದ್ದದ ಮರದ ತುಂಡು, ಬಿಲ್ಲೆಯ ಹಾಗೆ ಕೂರಿಸಿದ್ದು, ಉಳಿ ಇಟ್ಟು ಮೀಟಿದರೆ ಕಳಚುತ್ತದೆ. ಒಳಗೆ ಟೊಳ್ಳು. ಕೈ ಹಾಕಿ ತೆಗೆದು ನನ್ನ ಕೈಗೆ ಕೊಟ್ಟರು. ಪುಟ್ಟ ಒನಕೆಯ ಹಾಗಿರುವ ಕಬ್ಬಿಣದ ಸರಳು, ತಲೆಯಲ್ಲಿ ಹಗ್ಗಕ್ಕೆ ತೂತು. ಒಳ್ಳೇ ಭಾರ. ಹಗ್ಗದ ಒಂದು ತುದಿಗೆ ಇದು, ಇನ್ನೊಂದು ತುದಿಗೆ ಕಿಟಕಿ, ನಡುವೆ ರಾಟೆ. ಬಾವಿಯಲ್ಲಿ ನೀರು ಸೇದುವ ರಾಟೆಯೇ, ಗಾತ್ರ ಮಾತ್ರ ಹೆಬ್ಬೆರಳಷ್ಟು. ಒಂದು ಜಾಣತನ ನೋಡಿ: ಮೇಲಿನ ಕಿಟಕಿಗೆ ಕಟ್ಟುವ ಕಬ್ಬಿಣ ಕಿಟಕಿಗಿಂತ ಒಂಚೂರು ಜಾಸ್ತಿ ಭಾರ, ಕೆಳಗಿನದ್ದಕ್ಕೆ ಒಂಚೂರು ಕಮ್ಮಿ. ಹಾಗಾಗಿ ಮೇಲಿನದ್ದು ತಾನಾಗಿ ಮೇಲಕ್ಕೆ, ಕೆಳಗಿನದ್ದು ತಾನಾಗಿ ಕೆಳಕ್ಕೆ ಒತ್ತಿಕೊಂಡು ಕೂರುತ್ತದೆ. ಸ್ಪ್ರಿಂಗ್ ಇಲ್ಲ, ಮೋಟರ್ ಇಲ್ಲ, ಹಗ್ಗ ಬದಲಾಯಿಸಿದರೆ ಇನ್ನೊಂದಷ್ಟು ವರ್ಷ. ನಮ್ಮ ಬಾಡಿಗೆ ಮನೆಯ ಪ್ಲಾಸ್ಟಿಕ್ ಕಿಟಕಿಯ ಹಿಡಿ ಎರಡೇ ವರ್ಷಕ್ಕೆ ಕೈಗೆ ಬಂದಿತ್ತು.

ಗಾಜುಗಳನ್ನು ಹೇಳದಿದ್ದರೆ ಆಗಲ್ಲ. ಮೇಲೆ ಆರು, ಕೆಳಗೆ ಆರು, ಎಲ್ಲ ಚಿಕ್ಕ ಚಿಕ್ಕವು. ಆಗ ಗಾಜನ್ನು ಊದಿ, ಕಬ್ಬಿಣದ ಕೋಲಿನ ತುದಿಯಲ್ಲಿ ಗಿರಗಿರ ತಿರುಗಿಸಿ, ದೊಡ್ಡ ರೊಟ್ಟಿಯ ಹಾಗೆ ಹರಡಿಸುತ್ತಿದ್ದರು. ನಡುವೆ ಕೋಲು ಅಂಟಿದ ಗಂಟು ಉಳಿಯುತ್ತಿತ್ತು, ಅದನ್ನು ಬಿಟ್ಟು ಸುತ್ತ ಕತ್ತರಿಸಿದರೆ ಇಷ್ಟೇ ಅಗಲ ಸಿಗೋದು. ಜೊತೆಗೆ 1845ರವರೆಗೆ ಗಾಜಿಗೆ ತೂಕದ ಲೆಕ್ಕದಲ್ಲಿ ಸುಂಕ, ಹಾಗಾಗಿ ತೆಳುವಾದಷ್ಟೂ ಲಾಭ. ಈ ಮನೆಯಲ್ಲಿ ಹಳೇ ಗಾಜು ಒಂದಷ್ಟು ಉಳಿದಿವೆ. ತಲೆ ಸ್ವಲ್ಪ ಆಡಿಸಿದರೆ ಸಾಕು, ಹೊರಗೆ ಮೇಯುವ ಹಸುವಿನ ಬೆನ್ನು ನೀರಲ್ಲಿ ಕಂಡ ಹಾಗೆ ಅಲುಗುತ್ತದೆ.

ಭಾನುವಾರ ಬೆಳಗ್ಗೆ ಹಿತ್ತಿಲಿಗೆ ಹೋದೆ. ಅಲ್ಲಿ ಬೇರೆಯದೇ ಮನೆ. ಓಕ್ ಮರದ ಕಪ್ಪು ಚೌಕಟ್ಟು, ನಡುವೆ ಸುಣ್ಣ ಬಳಿದ ಗೋಡೆ, ಸೂರು ಒಂದು ಕಡೆ ಜಗ್ಗಿದೆ, ಕಿಟಕಿಗಳು ಬೇಕಾದಲ್ಲಿ ಬೇಕಾದಷ್ಟು ಅಗಲಕ್ಕೆ. ಹಳೇ ಮನೆ ಕೆಡವದೆ, ಅದರ ಎದುರಿಗೆ ಇಟ್ಟಿಗೆಯ ಹೊಸ ಸಾಲು ಅಂಟಿಸಿದ್ದಾರೆ, ಅಷ್ಟೇ! ಇದೇನು ಅಪರೂಪ ಅಲ್ಲ, ಲಡ್ಲೋದ ಬ್ರಾಡ್ ಸ್ಟ್ರೀಟಿನಲ್ಲಿ ಸಾಲು ಮನೆಗಳು ಹೀಗೇ. ದಾರಿಗೆ ಕಾಣುವ ಗೋಡೆಗೆ ಒಂದುದ್ದ ಒಂದಡ್ಡ ಇಟ್ಟಿಗೆಯ ಜೋಡಣೆ, ಖರ್ಚು ಜಾಸ್ತಿ. ಪಕ್ಕದ ಗೋಡೆಗೆ ಮೂರು ವರಸೆ ಉದ್ದ, ಒಂದು ವರಸೆ ಅಡ್ಡ, ಅಗ್ಗ. ಹಿಂದೆ ಇಟ್ಟಿಗೆಯೇ ಇಲ್ಲ. ಮೇಲೆ ಥಳುಕು ಒಳಗೆ ಹುಳುಕು ಅನ್ನೋಣ ಅಂದರೆ ಆ ಹಿಂದಿನ ತೊಲೆಗಳು ಮುಂದಿನ ಗೋಡೆಗಿಂತ ಗಟ್ಟಿ. ಅವುಗಳ ಮೇಲೆ ಬಡಗಿ ಕೆತ್ತಿದ ರೋಮನ್ ಅಂಕಿಗಳಿವೆ, ಯಾವ ತೊಲೆ ಯಾವ ಕಂಬಕ್ಕೆ ಅನ್ನುವ ಗುರುತು. ಏಳನೆಯದನ್ನು ಹುಡುಕುತ್ತಾ ಒಳಗೆ ಹೋಗಿ ಹಣೆ ಚಚ್ಚಿಕೊಂಡೆ. ಆ ಕಾಲದ ಬಾಗಿಲು ನನ್ನ ಎತ್ತರಕ್ಕಲ್ಲ.

ಮನೆಯೊಡತಿಗೆ ಒಂದೇ ಸಿಟ್ಟು. ಹಿಂದೆ ಯಾರೋ ಮುಂದಿನ ಗೋಡೆಯ ಸಂದಿಗಳಿಗೆ ಸಿಮೆಂಟ್ ಬಳಿದು ಹೋಗಿದ್ದಾರೆ. ಸುಣ್ಣದ ಗಾರೆ ಆಗಿದ್ದರೆ ನೀರು ಕುಡಿದು ಆರುತ್ತದೆ. ಸಿಮೆಂಟ್ ಬಿಡಲ್ಲ, ತೇವ ಇಟ್ಟಿಗೆಯಲ್ಲೇ ಉಳಿದು ಚಳಿಗೆ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಉದುರುತ್ತದೆ. ನಮ್ಮಜ್ಜನ ಮಣ್ಣಿನ ಗೋಡೆಗೆ ಸಿಮೆಂಟ್ ಹಾಕಿಸಿ ಎರಡನೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂದದ್ದನ್ನು ಹೇಳಿದೆ, ಅವರಿಗೆ ಖುಷಿಯಾಯಿತು. ಈಗ ಸಂದಿ ಕೆರೆದು ಮತ್ತೆ ಸುಣ್ಣ ತುಂಬಿಸುತ್ತಿದ್ದಾರೆ, ವರ್ಷಕ್ಕೊಂದಿಷ್ಟು. ಸುಮ್ನೆ ಕಿಟಕಿ ಬದಲಾಯಿಸೋಣ ಅಂದರೆ ಆಗಲ್ಲ, ಪಾರಂಪರಿಕ ಕಟ್ಟಡಗಳು ಅಂತ ಸರ್ಕಾರ ಮಾಡಿರುವ ಪಟ್ಟಿಯಲ್ಲಿರುವ ಮನೆ, ಅನುಮತಿ ಇಲ್ಲದೆ ಮುಟ್ಟಿದರೆ ಅಪರಾಧ. ಚಳಿಗಾಲದಲ್ಲಿ ಎರಡು ಸ್ವೆಟರ್ ಹಾಕಿಕೊಂಡೇ ಇರುತ್ತಾರಂತೆ.

ಹೊರಡುವ ಮುಂಚೆ ಅಮ್ಮನಿಗೆ ವಾಟ್ಸಾಪಿನಲ್ಲಿ ಒಂದೇ ಫೋಟೊ ಕಳಿಸಿದೆ, ಹಿತ್ತಿಲ ಕಡೆಯಿಂದ ತೆಗೆದದ್ದು. ಹತ್ತು ನಿಮಿಷಕ್ಕೆ ಉತ್ತರ ಬಂತು: "ದನದ ಕೊಟ್ಟಿಗೆ ಚೆನ್ನಾಗಿದೆ. ನೀವು ಉಳ್ಕೊಂಡಿರೋ ಮನೆ ಎಲ್ಲಿ?"