ಮನೆಯ ವರ್ಕ್‌ಶಾಪಿಗೆ ಯಾವ ಯಂತ್ರ ಮೊದಲು?

ಪವರ್ ಟೂಲ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಡಬ್ಬಿಯ ಮೇಲಿನ ವ್ಯಾಟ್ ಕಡೆಗೆ. ಆ ಅಂಕಿ ಹೇಳುವುದು ಯಂತ್ರ ಎಷ್ಟು ಕರೆಂಟು ಎಳೆಯುತ್ತದೆ ಎಂದಷ್ಟೇ. ತೂತು ಕೊರೆಯುವ ಬಿಟ್‌ನ ತುದಿಗೆ ಎಷ್ಟು ಬಲ ತಲುಪುತ್ತದೆ ಎಂದಲ್ಲ. ಅದಕ್ಕಿಂತ, ಮುಂದಿನ ಕೆಲವು ತಿಂಗಳಲ್ಲಿ ಏನೇನು ಮಾಡಬೇಕೆಂದಿದ್ದೀರೋ ಅದನ್ನು ಚೀಟಿಯಲ್ಲಿ ಬರೆದು, ಯಾವ ವಸ್ತು, ಎಷ್ಟು ದಪ್ಪ ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. 18 ಮಿ.ಮೀ. ಪ್ಲೈವುಡ್ಡಿನಲ್ಲಿ ಕಪಾಟು ಮಾಡುವವರಿಗೆ ಬೇಕಾದ ಎರಡನೆಯ ಯಂತ್ರ ಬೇರೆ, ಕಬ್ಬಿಣದ ಪೈಪು ಕತ್ತರಿಸುವವರಿಗೆ ಬೇಕಾದದ್ದು ಬೇರೆ. ಮೊದಲನೆಯದು ಮಾತ್ರ ಇಬ್ಬರಿಗೂ ಡ್ರಿಲ್ಲೇ.

ಮರ, ಲೋಹ, ಸ್ಕ್ರೂ ಕೆಲಸಕ್ಕೆ ಎರಡು ಗೇರಿನ, ಕ್ಲಚ್ (ನಿಗದಿತ ಬಲ ಮೀರಿದರೆ ತಿರುಗಿಸುವುದನ್ನು ತಡೆಯುವ ಭಾಗ) ಇರುವ 18 ವೋಲ್ಟಿನ ಕಾರ್ಡ್‌ಲೆಸ್ ಡ್ರಿಲ್ ಸಾಕು. ಸ್ಕ್ರೂಗೆ ಒಂದನೇ ಗೇರು, ಸಣ್ಣ ತೂತಿಗೆ ಎರಡನೆಯದು. ಕ್ಲಚ್ ಉಂಗುರವನ್ನು ಕಡಿಮೆ ಸಂಖ್ಯೆಯಿಂದ ಶುರುಮಾಡಿ, ಸ್ಕ್ರೂವಿನ ತಲೆ ಮರದ ಮಟ್ಟಕ್ಕೆ ಕೂರುವವರೆಗೆ ಒಂದೊಂದೇ ಏರಿಸಿ. ಗಟ್ಟಿ ಮರಕ್ಕೆ 4 ಮಿ.ಮೀ. ಸ್ಕ್ರೂ ಹಾಕುವ ಮುಂಚೆ 3 ಮಿ.ಮೀ. ತೂತು ಕೊರೆಯದಿದ್ದರೆ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂ ಮುರಿಯುತ್ತದೆ. ಕೊಳ್ಳುವಾಗ ನೇರವಾದ ಬಿಟ್ ಹಾಕಿ ನಿಧಾನವಾಗಿ ತಿರುಗಿಸಿ ನೋಡಿ: ತುದಿ ಓಲಾಡಿದರೆ ಬಿಟ್ ಹಿಡಿಯುವ ಆ ಚಕ್ ಬೇಡ.

ಗೋಡೆಯ ವಿಷಯ ಬೇರೆ. ಅದನ್ನು ಕೊರೆಯಲು ಬಳಸುವ ಹ್ಯಾಮರ್ ಡ್ರಿಲ್ಲಿನೊಳಗೆ ಹಲ್ಲುಳ್ಳ ಎರಡು ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಅದುರುತ್ತವೆ. ಏಟಿನ ಬಲ ನೀವು ಒತ್ತಿದಷ್ಟೇ. ಇಟ್ಟಿಗೆಗೆ ಸಾಕು, ಕಾಂಕ್ರೀಟಿನಲ್ಲಿ ಕಿರುಚಿ ಬಿಟ್ ಸುಡುತ್ತದೆ. ಕಾಂಕ್ರೀಟ್ ಕೆಲಸ ಹೆಚ್ಚಿದ್ದರೆ ಎಸ್‌ಡಿಎಸ್ ಪ್ಲಸ್ (ಬಿಟ್ ಕೂರಿಸುವ ಒಂದು ಬಗೆಯ ಜೋಡಣೆ) ರೋಟರಿ ಹ್ಯಾಮರನ್ನು ಬೇರೆಯಾಗಿಯೇ ತನ್ನಿ. ಅದರಲ್ಲಿ ಪಿಸ್ಟನ್ ಅದುಮಿದ ಗಾಳಿ ಏಟು ಕೊಡುತ್ತದೆ, ನೀವು ಹಿಡಿದು ನಿಂತರಾಯಿತು.

ಬ್ಯಾಟರಿಯ ಮೇಲೆ 18 ಎಂದಿರಲಿ, 20 ಎಂದಿರಲಿ, ಒಳಗಿರುವುದು ಸರಣಿಯಲ್ಲಿ ಜೋಡಿಸಿದ ತಲಾ 3.6 ವೋಲ್ಟಿನ ಐದು ಸೆಲ್ಲುಗಳೇ. 20 ಎನ್ನುವುದು ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲವಾದ್ದರಿಂದ, ಮೊದಲ ಡ್ರಿಲ್ ಆರಿಸುವಾಗಲೇ ಅದೇ ಬ್ಯಾಟರಿಗೆ ಮುಂದೆ ಯಾವ ಯಾವ ಯಂತ್ರ ಸಿಗುತ್ತವೆ ಎಂದು ನೋಡಿಕೊಳ್ಳಬೇಕು. ಡ್ರಿಲ್ಲಿಗೆ 2 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಸಾಕು, ಗರಗಸಕ್ಕೆ 4 ಅಥವಾ 5 ಬೇಕು. ಒಂದೇ ಮೇಜಿನ ಬಳಿ ನಡೆಯುವ ಕೆಲಸಕ್ಕೆ ಲೋಹ ಕತ್ತರಿಸುವ, ಉಜ್ಜುವ ಗ್ರೈಂಡರು, ಗರಗಸಗಳನ್ನು ವೈರಿನವನ್ನೇ ಕೊಳ್ಳುವುದು ಜಾಣತನ.

ಗರಗಸದಲ್ಲೇ ಹೆಚ್ಚಿನವರು ಎಡವುವುದು. ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಜಿಗ್‌ಸಾ ಹಗುರ, ಭಯವಿಲ್ಲ ಎಂದು ಅದನ್ನೇ ತಂದು ಇಡೀ ಪ್ಲೈವುಡ್ ಹಾಳೆ ಸೀಳಲು ಕೂರುತ್ತಾರೆ. ಅದು ತಿರುವುಗಳಿಗೆ ಹೇಳಿಮಾಡಿಸಿದ ಯಂತ್ರ. ದಪ್ಪ ಮರದಲ್ಲಿ ಒತ್ತಿ ತಳ್ಳಿದರೆ ಅದರ ಬ್ಲೇಡು ಬಾಗಿ, ಮೇಲೆ ಗೆರೆಯ ಮೇಲಿದ್ದ ಕೊಯ್ತ ಕೆಳಗೆ ಓರೆಯಾಗುತ್ತದೆ. ನೇರ ಕೊಯ್ತಕ್ಕೆ 185 ಮಿ.ಮೀ. ಅಡ್ಡಳತೆಯ ದುಂಡು ಬ್ಲೇಡಿನ ಸರ್ಕ್ಯುಲರ್ ಸಾ ಬೇಕು. ಸುಮಾರು 65 ಮಿ.ಮೀ. ಆಳ ಕತ್ತರಿಸುತ್ತದೆ. ಅದರ ಜೊತೆ ಸಾಮಾನ್ಯವಾಗಿ ಬರುವ 24 ಹಲ್ಲಿನ ಬ್ಲೇಡು ಮರವನ್ನು ಉದ್ದಕ್ಕೆ ಸೀಳಲು ಚೆನ್ನ, ಪ್ಲೈವುಡ್ಡಿನಲ್ಲಿ ಮಾತ್ರ ಸಿಬಿರೆಬ್ಬಿಸುತ್ತದೆ. 40 ಇಲ್ಲವೇ 60 ಹಲ್ಲಿನದನ್ನು ಜೊತೆಗೇ ಕೊಳ್ಳಿ. ಎರಡೂ ಯಂತ್ರಗಳ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಹಾಳೆಯ ಒಳ್ಳೆಯ ಮುಖ ಕೆಳಗಿರಲಿ. ಸರ್ಕ್ಯುಲರ್ ಸಾ ಬ್ಲೇಡು ಹಾಳೆಯಿಂದ ಆಚೆಗೆ 3ರಿಂದ 5 ಮಿ.ಮೀ. ಇಣುಕಿದರೆ ಸಾಕು.

ಒಂದು ಮಾತನ್ನು ಒತ್ತಿ ಹೇಳಬೇಕು: ಹಾಳೆಯನ್ನು ಎರಡು ತುದಿಯಲ್ಲಿ ಮಾತ್ರ ಎತ್ತಿ ಹಿಡಿದು ನಡುವೆ ಕೊಯ್ಯಬೇಡಿ. ಹಾಳೆ ನಡುವೆ ಜಗ್ಗಿ, ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ, ಗರಗಸ ಹಿಂದಕ್ಕೆ ನಿಮ್ಮತ್ತಲೇ ಜಿಗಿಯುತ್ತದೆ. ಹಾಳೆಯಷ್ಟೇ ಅಗಲದ 50 ಮಿ.ಮೀ. ಗಟ್ಟಿ ಫೋಮ್ ಕೆಳಗೆ ಹಾಸಿದರೆ ಎರಡು ತುಂಡೂ ಕಡೆಯವರೆಗೆ ಕೂತಲ್ಲೇ ಇರುತ್ತವೆ.

ಲೋಹದ ಕೆಲಸದವರಿಗೆ 100 ಅಥವಾ 125 ಮಿ.ಮೀ. ಡಿಸ್ಕಿನ ಆಂಗಲ್ ಗ್ರೈಂಡರ್. ಕೈ ಬಿಟ್ಟ ಕೂಡಲೇ ಆಫ್ ಆಗುವ ಸ್ವಿಚ್ಚಿನದನ್ನೇ ಹುಡುಕಿ. ಡಿಸ್ಕಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಯಂತ್ರದ್ದಕ್ಕಿಂತ ಕಡಿಮೆಯಿರಬಾರದು. ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ದಿನಾಂಕ ಇರುತ್ತದೆ, ಓದಿ. 1 ಮಿ.ಮೀ. ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜಿದರೆ ಅದು ಒಡೆದು ಸಿಡಿಯಬಹುದು. ಮರದ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಎಂದೂ ಹಾಕಬೇಡಿ.

ಮರವನ್ನು ಉಜ್ಜಿ ನುಣುಪು ಮಾಡುವ ಸ್ಯಾಂಡರ್‌ಗೆ ಅವಸರವಿಲ್ಲ. ಕೊಳ್ಳುವಾಗ 125 ಮಿ.ಮೀ. ರ‍್ಯಾಂಡಮ್ ಆರ್ಬಿಟ್ (ತಿರುಗುತ್ತಲೇ ಅತ್ತಿತ್ತ ಸುತ್ತುವ ಬಗೆ) ಕೊಳ್ಳಿ, ಉಜ್ಜುಕಾಗದದ ನಂಬರಿನಲ್ಲಿ 80, 120, 180 ಹೀಗೆ ಯಾವುದನ್ನೂ ಬಿಡದೆ ಏರಿ. ಒತ್ತಿದರೆ ಸುರುಳಿ ಗೀರು ಬೀಳುತ್ತದೆ. ಯಂತ್ರದ ತೂಕವೇ ಸಾಕು.

ವೈರಿನ ಯಂತ್ರಕ್ಕೆ ಎಕ್ಸ್‌ಟೆನ್ಷನ್ ಕೊಳ್ಳುವಾಗ ತಂತಿ ಕನಿಷ್ಠ 1.5 ಚದರ ಮಿ.ಮೀ. ಇರಲಿ. ತೆಳುವಾದ ಉದ್ದ ತಂತಿಯಲ್ಲಿ ವೋಲ್ಟೇಜ್ ಕುಸಿದು ಕಸುವು ಕುಂದುತ್ತದೆ, ಕಸುವಿಲ್ಲವೆಂದು ಇನ್ನಷ್ಟು ಒತ್ತಿದರೆ ಮೋಟಾರು ಬಿಸಿಯಾಗುತ್ತದೆ. ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ್ದ ಹಾಗೇ ಓಡಿಸಿದರೆ ಬಿಸಿ ಹೊರಹೋಗದೆ ಒಳಗಿನ ಇನ್ಸುಲೇಷನ್ ಕರಗಬಹುದು.